ಭರಣಿಯೊಳಗೆ ಒಂದು ಹಿಡಿ ಜೋಳ

ಖಂಡೆಪ್ಪ ಒಮ್ಮೆ ಉಸಿರೆಳೆದರೆ ಸಾಕು, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ನಾಲ್ಕೂ ತಾಲೂಕಿನ ಕಳ್ಳರ ಬೆವರು ಬೇರೆ ಬೇರೆಯಾಗಿ ಮೂಗಿಗೆ ಬಡಿಯುತ್ತಿತ್ತು. ಹೋದ ವರ್ಷ ಆಲಮೇಲದ ಬಸ್ಸಿನಲ್ಲಿ ಅವನು ಸೀನಿದಾಗ ಭೀಮಾ ನದಿ ಅರ್ಧ ತಾಸು ಹಿಂದಕ್ಕೆ ಹರಿಯಿತು. ಕಣ್ಣಾರೆ ಕಂಡವರು ಹನ್ನೊಂದು ಸಾವಿರ ಮಂದಿ. ಪೇಪರಿನ ವರದಿಗಾರನಾದ ಅಂಥವನಿಗೆ ಇಂಡಿಯ ಕಾಲೇಜಿನಿಂದ ಫೋನ್ ಬಂತು.

"ಖಂಡೆಪ್ಪನವರ, ಲಗೂನ ಬರ್ರಿ. ನನ್ನ ಭರಣಿ ಯಾರೋ ಖಾಲಿ ಮಾಡ್ಯಾರ."

ಮಾತಾಡಿದ್ದು ಮೃಣಾಲಿನಿ ಮೇಡಂ, ಸಸ್ಯಶಾಸ್ತ್ರ ಕಲಿಸುವಾಕೆ. ನಿಂಬೆ ಸಿಪ್ಪೆಯಲ್ಲಿರುವ ಯಾವ ಅಂಶ ಸ್ತನ ಕ್ಯಾನ್ಸರನ್ನು ತಡೆದೀತು ಎಂದು ಮೂರು ವರ್ಷದಿಂದ ಹುಡುಕುತ್ತಿದ್ದರು. ನಾಲ್ಕು ತಾಲೂಕಿನ ತೋಟಗಳ ಸಿಪ್ಪೆ ಒಣಗಿಸಿ ಮಾಡಿದ ಪುಡಿ. ಎಂಟು ಭರಣಿ. ತಲೆಗಿಂತ ಎತ್ತರದ ಹಲಗೆಯಲ್ಲಿ ನಾಲ್ಕು, ಸೊಂಟದೆತ್ತರದಲ್ಲಿ ನಾಲ್ಕು.

ಕೆಳಗಿನ ನಾಲ್ಕರಲ್ಲಿ ಪುಡಿ ಇರಲಿಲ್ಲ. ಭರಣಿಗಳನ್ನು ಯಾರೋ ತೊಳೆದು ಒರೆಸಿ ಇಟ್ಟಿದ್ದರು. ಪ್ರತಿಯೊಂದರ ತಳದಲ್ಲಿ ಒಂದು ಹಿಡಿ ಬಿಳಿಜೋಳ.

ಹವಾಲ್ದಾರ ಕಲ್ಮೇಶ ಎರಡು ಹೆಜ್ಜೆ ಹಿಂದೆ ಸರಿದ. "ಮಾಟ ಐತ್ರಿ ಇದು. ನಾ ಮುಟ್ಟಂಗಿಲ್ಲ."

"ಕೀಲಿ ಮುರದಾರೇನ್ರಿ?" ಎಂದ ಖಂಡೆಪ್ಪ.

"ಇಲ್ಲ. ಕೀಲಿಕೈ ಹೊರಗ ಮೊಳಿಗೇ ತೂಗಿರ್ತದ. ಎಲ್ಲಾರಿಗೂ ಗೊತ್ತದ," ಎಂದರು ಮೇಡಂ. "ಪುಡಿ ಹೋದ್ರ ಮತ್ತ ಮಾಡ್ತೀನಿ. ಔಷಧ ಅಂತ ತಿಳಕೊಂಡು ಯಾರರ ಕುಡದು, ದವಾಖಾನಿ ಬಿಟ್ಟು ಕೂತ್ರ? ಜೀವಾನ ಹೋಗ್ತದ್ರಿ. ಪೇಪರಿನ್ಯಾಗ ನಿಮ್ಮ ಸುದ್ದಿ ಬಂದಾಗಿಂದ ದಿನಾ ಹತ್ತು ಮಂದಿ ಪುಡಿ ಕೇಳಿಕೋತ ಬರ್ತಾರ."

"ನನ್ನ ಸುದ್ದಿ ಅಂದ್ರ ಹಂಗಽ ರೀ," ಎಂದು ಖಂಡೆಪ್ಪ ಮೀಸೆ ತಿರುವಿದ.

ಕಸ ಗುಡಿಸುವ ಸಿದ್ದಲಿಂಗವ್ವ ನೀರು ತಂದುಕೊಟ್ಟಳು. ಎರಡು ತಿಂಗಳು ಕನ್ನೊಳ್ಳಿಯ ತಂಗಿ ಮನೆಯಲ್ಲಿದ್ದು ಮೊನ್ನೆಯಷ್ಟೇ ಕೆಲಸಕ್ಕೆ ಬಂದವಳು. ತಂಬಿಗೆ ಎಡಗೈಯಲ್ಲಿತ್ತು.

ಮಟಮಟ ಮಧ್ಯಾಹ್ನ. ಕಿಟಕಿಯಾಚೆಯ ಗಿಡಗಳಿಂದ ನಿಂಬೆ ಹೂವಿನ ಘಮ ಬಂತು. ಖಂಡೆಪ್ಪ ಕೂತ ಸ್ಟೂಲಿನ ಸಮೇತ ಒಂದು ಗೇಣು ಮೇಲೆದ್ದ. ಹಾಗಂತ ಅವನಿಗೆ ಅನಿಸಿತು. ಅರೆಗಣ್ಣಿನಲ್ಲಿ ತೇಲುತ್ತ ಹೋದ. ಸೂರಿನ ಕೆಳಗೆ ಜೇಡರ ಬಲೆಗಳು ಬಿಸಿಲಲ್ಲಿ ತೊಟ್ಟಿಲಿನ ಹಾಗೆ ತೂಗುತ್ತಿದ್ದವು. ಎಷ್ಟೊಂದು ಬಲೆ! ಅವುಗಳ ನಡುವೆ ಅವನೇ ಮಲಗಿದ ಹಾಗೆ, ಯಾರೋ ತೂಗಿದ ಹಾಗೆ.

"ಖಂಡೆಪ್ಪಾ, ಗೊರಕಿ ಹೊಡ್ಯಾಕತ್ತೀಯಲ್ಲೋ," ಎಂದ ಕಲ್ಮೇಶ.

"ವಿಚಾರ ಮಾಡಾಕತ್ತೇನಿ."

*

ಮೊದಲ ಗುಮಾನಿ ಜೈನುದ್ದೀನನ ಮೇಲೆ. ನಿಂಬೆ ವ್ಯಾಪಾರಿ. ಹೋದ ವಾರವೇ ಮೇಡಂ ಹತ್ತಿರ ಪುಡಿ ಕೇಳಿದ್ದ.

ಅವನು ಕಾಯಿಯ ರಾಶಿಯ ನಡುವೆ ಹಳದಿ ಬೆಳಕಿನಲ್ಲಿ ಕೂತಿದ್ದ. ಕೇಳಿದ ಕೂಡಲೇ ನಕ್ಕ. "ಪುಡಿ ಮಾಡಿ ಮಾರೂದು ಹೆಂಗಂತ ಕೇಳಾಕ ಹೋಗಿದ್ನೋ ಮಾರಾಯ. ನನ್ನ ಕಡೆ ನಿಂಬಿ ಗುಡ್ಡಾನ ಐತಿ, ನಾಕು ಭರಣಿ ಯಾಕ ಕದೀಲಿ?"

"ಜೋಳ ಹಾಕಿ ಹೋಗ್ಯಾರಪಾ."

ಜೈನುದ್ದೀನನ ನಗು ನಿಂತಿತು. "ಜೋಳ? ಹಂಗಾರ ಅದು ಕಳ್ಳ ಅಲ್ಲ, ಹೆಣ್ಮಗಳು. ನನ್ನ ಹೆಂಡ್ತಿ ಸುಲ್ತಾನಬಿ ಬಾಜೂ ಮನಿ ಡಬ್ಬಿ ತಿರುಗಿ ಕೊಡಾಕ ಹ್ವಾದ್ರ ಖಾಲಿ ಕೊಡಂಗಿಲ್ಲ. ಸಕ್ರಿನೋ ಜೋಳಾನೋ ಒಂದ್ ಹಿಡಿ ಹಾಕೇ ಕೊಡ್ತಾಳ. ನಿಮ್ಮ ಮನ್ಯಾಗ ಹಂಗಿಲ್ಲೇನು?"

ಖಂಡೆಪ್ಪನ ಮನೆಯಲ್ಲೂ ಹಾಗೇ ಇತ್ತು. ಅವನಿಗೆ ಹೊಳೆದಿರಲಿಲ್ಲ, ಅಷ್ಟೇ.

ಮಾಟವಲ್ಲ. ಕಳವೂ ಅಲ್ಲ. ಯಾರೋ ಎರವು ತೊಗೊಂಡಿದ್ದಾರೆ.

ಕಾಲೇಜಿಗೆ ತಿರುಗಿ ಬಂದ. ಈ ಸಲ ಗೋಡೆಯನ್ನು ಎಚ್ಚರದಲ್ಲಿ ನೋಡಿದ. ಭುಜದೆತ್ತರದವರೆಗೆ ಗೋಡೆ ತೊಳೆದಿಟ್ಟಷ್ಟು ಸ್ವಚ್ಛ. ಅಲ್ಲಿಂದ ಮೇಲೆ ಧೂಳು, ಬಲೆ.

"ಮೇಡಂ, ಮೊದಲೂ ಹಿಂಗ ಇತ್ತೇನ್ರಿ?"

"ಇಲ್ಲಪ್ಪ. ಸಿದ್ದಲಿಂಗವ್ವ ಒಂದು ಬಲಿ ಬಿಡತಿದ್ದಿಲ್ಲ. ಈಗ್ಯಾಕೋ…"

ಖಂಡೆಪ್ಪ ಹೊರಗೆ ಓಡಿದ.

*

ಹೊರ್ತಿಯಲ್ಲಿ ಸಿದ್ದಲಿಂಗವ್ವ ತನ್ನ ಮನೆಯ ಕಟ್ಟೆಯ ಮೇಲೆ ಕೂತು ಬಿಸಿನೀರಿಗೆ ಪುಡಿ ಕಲೆಸುತ್ತಿದ್ದಳು. ಸಂಜೆಯ ಬಿಸಿಲು ಲೋಟದೊಳಗೆ ಇಳಿದಿತ್ತು. ಖಂಡೆಪ್ಪ ಬಂದು ನಿಂತ, ಹಿಂದೆ ಮೇಡಂ.

"ಅವ್ವಾ, ಮ್ಯಾಲಿನ ಭರಣಿ ಮುಟ್ಟಿಲ್ಲ ನೀ. ಬಲಗೈ ಮ್ಯಾಲೆ ಏಳಂಗಿಲ್ಲ. ಬಲಿ ತಗಿಯಾಕೂ ಆಗವಲ್ದು, ತಂಬಿಗಿ ಹಿಡಿಯಾಕೂ ಆಗವಲ್ದು. ಕನ್ನೊಳ್ಳಿಗೆ ಹೋಗಿಲ್ಲ ನೀ. ದವಾಖಾನ್ಯಾಗ ಇದ್ದಿ, ಆಪರೇಶನ್ ಆಗೇತಿ. ಜೋಳ ಹಾಕೀದಿ, ಯಾಕಂದ್ರ ನೀ ಕದ್ದಿಲ್ಲ."

"ಎರವು ಇಸಕೊಂಡೇನಿ," ಎಂದಳು ಆಕೆ. ಮೇಡಂ ಕಡೆ ನೋಡಲಿಲ್ಲ. "ಕೇಳಿದ್ರ ಯಾಕಂತ ಕೇಳ್ತಿದ್ರಿ. ಎದಿ ತಗಿಸೇನಿ ಅಂತ ಹೆಂಗ ಹೇಳ್ಲಿರಿ?"

"ಕಿಮೋ ಬಿಟ್ಟೀಯೇನು?" ಮೇಡಂ ಆಕೆಯ ಪಕ್ಕ ಕುಸಿದು ಕೂತರು.

"ಒಂದು ಆಗೇತ್ರಿ. ಎರಡನೇದು ನಾಳಿ ಐತಿ. ಹೋಗಂಗಿಲ್ಲ. ಕೂದ್ಲಾ ಹ್ವಾದ್ವು, ಅನ್ನ ಸೇರವಲ್ದು. ಇದು ಐತೆಲ್ಲ."

ಆಕೆ ಉಡಿಯಿಂದ ಪೇಪರಿನ ತುಂಡು ತೆಗೆದು ಬಿಚ್ಚಿದಳು. ಬೆರಳಿನಷ್ಟು ದಪ್ಪ ಅಕ್ಷರ: ಇಂಡಿ ನಿಂಬೆ ಸಿಪ್ಪೆಗೆ ಕ್ಯಾನ್ಸರ್ ಮಟಾಷ್! ನಲವತ್ತು ದಿನದಲ್ಲಿ ಗುಣ! ಕೆಳಗೆ ಖಂಡೆಪ್ಪನ ಹೆಸರು.

"ಮಗ್ಗಲ ಮನಿಯವರ ಕಡಿಂದ ಓದಿಸೇನಿ. ನೀನ ಬರದೀದಿ ಅಲ್ಲೋ ಯಪ್ಪಾ?"

ಕಳ್ಳ ಸಿಕ್ಕಿದ್ದ, ಅದೂ ಅಚ್ಚಾದ ಹೆಸರಿನ ಸಮೇತ.

"ಸುಳ್ಳ ಐತಿ ಅವ್ವಾ." ದನಿ ಸಣ್ಣಗಿತ್ತು. "ಮೇಡಂ ಹೇಳಿದ್ದು ಇಷ್ಟ: ಗಾಜಿನ ತಟ್ಟ್ಯಾಗ ಇಟ್ಟ ಕ್ಯಾನ್ಸರ್ ಕಣ ಬೆಳಿಯೂದು ತುಸು ನಿಧಾನ ಆತು. ಮನಷ್ಯಾರಿಗೆ ಯಾರಿಗೂ ಕೊಟ್ಟು ನೋಡಿಲ್ಲ. ಗುಣ ಅನ್ನೂದು, ನಲವತ್ತು ದಿನ ಅನ್ನೂದು, ಎಲ್ಲಾ ನಾ ಹಾಕಿದ್ದು."

"ಯಾಕ?"

"ಹೆಸರು ದೊಡ್ಡದಾಗಿ ಬರಲಿ ಅಂತ."

ಸಿದ್ದಲಿಂಗವ್ವ ಲೋಟ ಕೈಗೆತ್ತಿಕೊಂಡಳು. "ಸುಳ್ಳ ಹೇಳೂದಿದ್ರ ನೆಗಡಿಗೆ ಹೇಳಬೇಕಿತ್ತಲ್ಲೋ ಖೋಡಿ," ಎಂದಳು. "ಇದಕ್ಕ್ಯಾಕ ಹೇಳಿದಿ?"

ಆಕೆ ಲೋಟ ಕಟ್ಟೆಯ ಕೆಳಗೆ ಚೆಲ್ಲಿದಳು.

"ಒಳಗ ಗ್ವಾಡಿ ಮ್ಯಾಲಿನ ಮಾಡದಾಗ ದವಾಖಾನಿ ಫೈಲ್ ಐತಿ. ನನಗ ಎಟಕಂಗಿಲ್ಲ, ತಗೊಂಡ ಬಾ. ನಾಳಿ ಏಳರ ಬಸ್ಸಿಗೆ ನೀನೂ ಬರಬೇಕು. ಏನೇನು ಕುಡಿದೇನಿ, ಯಾಕ ಕುಡಿದೇನಿ, ಡಾಕ್ಟರ ಮುಂದ ನೀನ ಹೇಳು."

"ಬರ್ತೇನವ್ವಾ," ಎಂದ ಖಂಡೆಪ್ಪ. ಒಂದು ಮಾತೂ ಹೆಚ್ಚಿಗೆ ಹೇಳಲಿಲ್ಲ.