ಅಳಿಸು, ಉಳಿಸು

"ಯಾವುದನ್ನ ಒತ್ತಿದ್ರಿ, ಮೇಡಂ?"

ಅವನು ಕೇಳಿದ್ದು ಇಷ್ಟೇ. ದನಿಯಲ್ಲಿ ಸಿಟ್ಟಿರಲಿಲ್ಲ, ಅನುಮಾನವೂ ಇರಲಿಲ್ಲ. ಆದರೂ ಅವಳ ಕಿವಿ ಬಿಸಿಯಾಯಿತು.

ಆ ಪುಟ್ಟ ಮುದ್ರಣಾಲಯದಲ್ಲಿ ಅವಳು ಕರಡು ತಿದ್ದುವವಳು. ಎಲ್ಲೋ ಮೂಲೆಯಲ್ಲಿ ಒಂದು ಒತ್ತಕ್ಷರ ಬಿಟ್ಟುಹೋಗಿದ್ದರೂ ಕಿವಿ ಹಿಡಿದು ಎಳೆದು ತರುವವಳು. ಹಾಗಾಗಿ ಬೈಂಡಿಂಗ್ ಅಜ್ಜನಿಂದ ಹಿಡಿದು, ಮಾಲೀಕರಾದ ಅವಳ ದೊಡ್ಡಪ್ಪನವರೆಗೆ ಎಲ್ಲರ ಬಾಯಲ್ಲೂ ಅವಳು 'ಒತ್ತಕ್ಕ'.

ಇಂಥ ಒತ್ತಕ್ಕ ಆ ಬೆಳಿಗ್ಗೆ ಒತ್ತಿದ್ದೇ ತಪ್ಪು.

ತಿಂಗಳ ಹಿಂದಷ್ಟೇ ಅಲ್ಲಿನ ಕಂಪ್ಯೂಟರುಗಳಿಗೆಲ್ಲ ಲಿನಕ್ಸ್ ಎಂಬ ಹೊಸ ಸಿಸ್ಟಮ್ ಬಂದಿತ್ತು, ಅದೂ ಪೂರ್ತಿ ಕನ್ನಡದಲ್ಲಿ. ಹಾಕಿಕೊಟ್ಟವನು ಈಗ ಎದುರಿಗೆ ನಿಂತಿದ್ದ ಈ ಬಡಕಲು ರಿಪೇರಿಯವನೇ. ಕಂಪ್ಯೂಟರಿನಲ್ಲಿ ಜಾಗ ಸಾಲದೆ ಅವಳು ಹಳೆಯ ಕರಡುಗಳನ್ನು ತೆಗೆಯಲು ಕೂತಿದ್ದಳು. ಅವುಗಳ ನಡುವೆ, ಮೂರು ವಾರ ಕೂತು ತಿದ್ದಿದ್ದ ಒಬ್ಬ ನಿವೃತ್ತ ನರ್ಸಮ್ಮನ ಆತ್ಮಕಥೆಯೂ ಸೇರಿಕೊಂಡಿತ್ತು. ಒಂದೊಂದು ಕಡತಕ್ಕೂ ಪರದೆಯ ಮೇಲೆ ಎರಡು ಗುಂಡಿ ಅಕ್ಕಪಕ್ಕ ಬರುತ್ತಿದ್ದವು. ಅಳಿಸು. ಉಳಿಸು.

ಅಳಿಸು, ಅಳಿಸು, ಅಳಿಸು ಎಂದು ಒತ್ತುತ್ತ ಹೋದ ಬೆರಳು, ನರ್ಸಮ್ಮನ ಹೆಸರು ಬಂದಾಗಲೂ ಉಳಿಸು ಎಂದುಕೊಂಡೇ ಅಳಿಸು ಒತ್ತಿತ್ತು.

ಒಂದೇ ಅಕ್ಷರದ ವ್ಯತ್ಯಾಸ. ಊರಿನವರ ಕೊಂಬು, ದೀರ್ಘಗಳನ್ನೆಲ್ಲ ತಿದ್ದುವವಳಿಗೆ ಕಣ್ಣೆದುರಿನ ಅ ಮತ್ತು ಉ ಬೇರೆಯಾಗಿ ಕಾಣಲಿಲ್ಲ. ಇದನ್ನು ಯಾರ ಮುಂದೆ ಹೇಳುವುದು?

"ಉಳಿಸು ಅಂತಲೇ ಒತ್ತಿದ್ದು," ಎಂದಳು. "ನಿಮ್ಮ ಸಿಸ್ಟಮ್ಮೇ ನುಂಗಿಹಾಕಿದೆ."

ಮಾತು ಬಾಯಿಂದ ಬಿದ್ದಿದ್ದೇ ತಡ, ದೊಡ್ಡಪ್ಪ ಅದನ್ನು ಎತ್ತಿಕೊಂಡರು.

"ನಮ್ಮ ಒತ್ತಕ್ಕ ಅಕ್ಷರ ತಪ್ಪು ಓದ್ತಾಳೇನ್ರೀ? ಈ ತಿಂಗಳು ಮುಗಿಯೋದ್ರೊಳಗೆ ಹಳೇ ಸಿಸ್ಟಮ್ ವಾಪಸ್ ಹಾಕಿಬಿಡಿ. ಆಮೇಲೆ ನಿಮ್ಮ ದಾರಿ ನಿಮಗೆ."

ಅವನು ಒಮ್ಮೆ ಅವಳತ್ತ ನೋಡಿದ. ಅವಳು ಮೇಜಿನ ಮೇಲಿನ ಕೆಂಪು ಪೆನ್ನು ನೋಡುತ್ತಿದ್ದಳು.

"ಸರಿ ಸಾರ್," ಎಂದ. "ಅಷ್ಟರೊಳಗೆ ಪುಸ್ತಕ ಎಷ್ಟು ಸಿಗುತ್ತೋ ಹುಡುಕಿ ಕೊಡ್ತೀನಿ."

*

ತಪ್ಪು ಮಾಡಿದವರಿಗೆ ಬರುವ ಸಿಟ್ಟೇ ಬೇರೆ. ಆ ಸಂಜೆ ಅವಳಿಗೆ ಬಂದದ್ದು ಅದೇ. ಈ ಸಿಸ್ಟಮ್ಮಿಗೆ ಬಳಕೆದಾರರ ಸಲಹೆಗಳ ಪುಟವೊಂದಿತ್ತು. ಅದರಲ್ಲಿ 'ಕರಡು' ಎಂಬ ಹೆಸರಿಟ್ಟುಕೊಂಡು ಬರೆದಳು.

'ಅಳಿಸು, ಉಳಿಸು ಎರಡನ್ನೂ ಅಕ್ಕಪಕ್ಕ ಇಟ್ಟ ಮಹಾನುಭಾವರಿಗೆ ಕನ್ನಡ ಓದಲು ಬರುತ್ತದೆಯೇ? ಅಳಿಸು ಎಂದರೆ ಕಡತವನ್ನಲ್ಲ, ನಮ್ಮನ್ನು ಅಳಿಸುವುದು ಎಂದು ಇವತ್ತು ಅರ್ಥವಾಯಿತು.'

ಜಗಳಕ್ಕೆ ಸೆರಗು ಸಿಕ್ಕಿಸಿಕೊಂಡೇ ಕೂತಿದ್ದಳು. ಆದರೆ ಬಂದ ಉತ್ತರ ಬೇರೆಯೇ ಇತ್ತು.

'ನಿಮ್ಮ ಸಲಹೆ ನೂರಕ್ಕೆ ನೂರು ಸರಿ. ಅನುವಾದ ನನ್ನದು ತಪ್ಪೂ ನನ್ನದು. ಬೇರೆ ಪದ ಸೂಚಿಸುತ್ತೀರಾ? ಇತಿ, ಹಂಚಿಕಡ್ಡಿ.'

ಪೊರಕೆ ಕಡ್ಡಿಯ ಹೆಸರಿಟ್ಟುಕೊಂಡವರ ಜೊತೆ ಜಗಳವೇನು! 'ತೆಗೆದುಹಾಕು ಎಂದಿಡಿ,' ಎಂದು ಬರೆದಳು. ಸುಮ್ಮನಿರಲಾಗದೆ ಕೆಳಗೆ ಇನ್ನೊಂದು ಸಾಲು ಸೇರಿಸಿದಳು. 'ನಿಮ್ಮ ಎರಡನೆಯ ವಾಕ್ಯದಲ್ಲಿ ಒಂದು ಅಲ್ಪವಿರಾಮ ಬಿಟ್ಟುಹೋಗಿದೆ.'

ಹೀಗೆ ಶುರುವಾಯಿತು. ದಿನಕ್ಕೊಂದು ಸಲಹೆ.

'ಅಪ್‌ಡೇಟುಗಳು ಕರೆಯದೆ ಬರುವ ನೆಂಟರ ಹಾಗೆ ಕೆಲಸದ ನಡುವೆ ನುಗ್ಗುತ್ತವೆ. ಬಾಗಿಲು ತಟ್ಟಲು ಹೇಳಿ.'

'ಹೇಳಿದ್ದೇನೆ. ಇನ್ನು ಮುಂದೆ ನೆಂಟರು ನಿಮ್ಮ ಕೆಲಸ ಮುಗಿದ ಮೇಲೆಯೇ ಬರುತ್ತಾರೆ.'

ಓದಿ ಅವಳು ಒಬ್ಬಳೇ ನಕ್ಕಳು. ಯಾರೋ ಏನೋ, ಮುಖ ಕಂಡವಳಲ್ಲ. ಆದರೂ ಸಂಜೆ ಯಾವಾಗ ಆಗುತ್ತದೋ ಎಂದು ಕಾಯುವಂತಾಯಿತು.

ಹಗಲು ಮಾತ್ರ ಕಷ್ಟ. ಪಕ್ಕದ ಮೇಜಿನಲ್ಲೇ ಆ ರಿಪೇರಿಯವನು ಕೂತು, ಅಳಿಸಿಹೋದ ಪುಸ್ತಕವನ್ನು ಒಂದೊಂದೇ ಪುಟವಾಗಿ ಹೆಕ್ಕಿ ತೆಗೆಯುತ್ತಿದ್ದ. ಸಿಕ್ಕ ಪುಟವನ್ನು ಮುದ್ರಿಸಿ ಅವಳ ಮುಂದಿಡುತ್ತಿದ್ದ.

"ಇಲ್ಲಿ ನೋಡಿ ಮೇಡಂ, ನರ್ಸಮ್ಮ ಡಾಕ್ಟರಿಗೇ ಸೂಜಿ ಚುಚ್ಚಿದ ಪ್ರಸಂಗ ಸಿಕ್ತು."

"ಥ್ಯಾಂಕ್ಸ್..."

"ನೀವು ಊಟ ಮಾಡಿ. ನಾನು ಇನ್ನೆರಡು ಪುಟ ನೋಡ್ತೀನಿ."

ಅವನು ಒಳ್ಳೆಯ ಮಾತಾಡಿದಾಗೆಲ್ಲ ಅವಳು ಅರ್ಧ ಉಂಡ ಬುತ್ತಿ ಮುಚ್ಚಿಬಿಡುತ್ತಿದ್ದಳು. 'ಹೇಳಿಬಿಡು,' ಎನ್ನುತ್ತಿತ್ತು ಮನಸ್ಸು. 'ಹೇಳಿದರೆ ಒತ್ತಕ್ಕ ಎನ್ನುವ ಹೆಸರಿಗೇ ಮಸಿ,' ಎನ್ನುತ್ತಿತ್ತು ಅದೇ ಮನಸ್ಸು. ಅವನ ಸವೆದ ಅಂಗಿಯ ತೋಳು, ಕಣ್ಣುಜ್ಜಿಕೊಳ್ಳುವ ರೀತಿ, ಪುಟ ಸಿಕ್ಕಾಗ ಬರುವ ನಗು... ಯಾವಾಗಿನಿಂದ ಇದನ್ನೆಲ್ಲ ಗಮನಿಸತೊಡಗಿದಳೋ ಅವಳಿಗೇ ಗೊತ್ತಿಲ್ಲ. ಗಮನಿಸಿದ್ದು ತಿಳಿದಾಗ ಇನ್ನಷ್ಟು ನಾಚಿಕೆಯಾಯಿತು. ಅದು ಹುಡುಗಿಯರ ನಾಚಿಕೆಯಲ್ಲ, ಕಳ್ಳರ ನಾಚಿಕೆ.

*

ತಿಂಗಳ ಕೊನೆಯ ದಿನ. ನಲವತ್ತು ಪುಟ ಬಿಟ್ಟು ಮಿಕ್ಕಿದ್ದೆಲ್ಲ ಸಿಕ್ಕಿತ್ತು.

ಮಧ್ಯಾಹ್ನ ಅವನು ಕೈ ತೊಳೆಯಲು ಹೊರಗೆ ಹೋಗಿದ್ದ. ಹೊಸ ಪುಟಗಳಿವೆಯೇ ಎಂದು ಅವಳು ಅವನ ಮೇಜಿನತ್ತ ಬಾಗಿದಳು. ಪರದೆಯ ಮೇಲೆ ಸಲಹೆಗಳ ಪುಟ ತೆರೆದಿತ್ತು. ಮೇಲ್ತುದಿಯಲ್ಲಿ ಹೆಸರು: ಹಂಚಿಕಡ್ಡಿ. ಕೆಳಗೆ ಅರ್ಧ ಬರೆದ ಉತ್ತರ.

'ಕರಡು ಅವರೇ, ಇದು ನನ್ನ ಕೊನೆಯ ಪತ್ರ. ಅನುವಾದದ ಕೆಲಸ ಬಿಡುತ್ತಿದ್ದೇನೆ. ನಾನು ಇಟ್ಟ ಎರಡು ಪದಗಳಿಂದ ಒಬ್ಬರ ಮೂರು ವಾರದ ದುಡಿಮೆ ಹೋಯಿತು. ಅದನ್ನು ಮರೆಯಲು ಆಗುತ್ತಿಲ್ಲ. ಆರು ವರ್ಷ ಪ್ರೀತಿಯಿಂದ ಮಾಡಿದ...'

ಅವಳು ಮೇಲಿನ ಹೆಸರನ್ನು ಇನ್ನೊಮ್ಮೆ ಓದಿದಳು. ಕುರ್ಚಿ ಹಿಡಿದು ನಿಂತಳು.

ಕನ್ನಡ ಓದಲು ಬರುತ್ತದೆಯೇ ಎಂದು ಬೈದದ್ದು ಇವನನ್ನೇ? ಸಂಜೆ ನಗಿಸಿದವನೂ ಹಗಲು ಪುಟ ಹೆಕ್ಕಿದವನೂ ಒಬ್ಬನೇ? ಒಂದು ಸುಳ್ಳಿಗೆ ಎರಡೆರಡು ಕಡೆ ಇವನ ಹೊಟ್ಟೆಯ ಮೇಲೆ ಹೊಡೆದೆನಲ್ಲ...

ಅವನು ಒಳಗೆ ಬಂದ. ಅವಳ ಮುಖ ನೋಡಿ ಬಾಗಿಲಲ್ಲೇ ನಿಂತ.

ಅವಳು ಕುರ್ಚಿ ಬಿಟ್ಟಳು. ನೆಟ್ಟಗೆ ದೊಡ್ಡಪ್ಪನ ಮೇಜಿನ ಮುಂದೆ ಹೋಗಿ ನಿಂತಳು.

"ದೊಡ್ಡಪ್ಪ, ಆ ಪುಸ್ತಕ ಅಳಿಸಿದ್ದು ನಾನು."

"ಏನಮ್ಮ?"

"ಸಿಸ್ಟಮ್ ಸರಿಯಾಗೇ ಕೇಳ್ತು. ನಾನೇ ಅ-ನ ಉ ಅಂತ ಓದಿದೆ. ಗೊತ್ತಿದ್ದೂ ಇವರ ಮೇಲೆ ಹಾಕಿದೆ. ಇವರನ್ನ ಕಳಿಸಬೇಡಿ. ಕಳಿಸೋದಾದ್ರೆ ನನ್ನನ್ನ ಕಳಿಸಿ."

ಬೈಂಡಿಂಗ್ ಅಜ್ಜನ ಕೈಯಲ್ಲಿದ್ದ ದಾರ ಅಲ್ಲೇ ನಿಂತಿತು. ದೊಡ್ಡಪ್ಪ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು, ಮತ್ತೆ ತೆಗೆದರು.

"ಅ-ನ ಉ ಅಂತ? ನೀನಾ?"

"ನಾನೇ."

"ಇಷ್ಟು ದಿನ ಬಾಯಿ ಬಿಡದೆ ಕೂತಿದ್ಯಲ್ಲೇ..." ದೊಡ್ಡಪ್ಪ ಮುಂದೆ ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತೇನೋ. ಅವರು ಎದ್ದು ಅವನ ಮುಂದೆ ಹೋಗಿ, "ತಪ್ಪಾಯ್ತು ಕಣಪ್ಪ. ಇಲ್ಲೇ ಇರು," ಎಂದರು. ತನ್ನ ಸುಳ್ಳಿಗೆ ಆ ವಯಸ್ಸಾದವರು ಕ್ಷಮೆ ಕೇಳಬೇಕಾಯಿತಲ್ಲ ಎಂದು ಅವಳಿಗೆ ಭೂಮಿ ಬಾಯ್ಬಿಟ್ಟರೆ ಸಾಕೆನಿಸಿತು.

*

ಕಾಗದದ ರೀಮುಗಳನ್ನು ಪೇರಿಸಿಟ್ಟ ಕೋಣೆಯಲ್ಲಿ ಅವಳು ಗೋಡೆಗೆ ಮುಖ ಮಾಡಿ ನಿಂತಿದ್ದಳು. ಅವನು ಬಾಗಿಲ ಬಳಿ ಬಂದು ಕೆಮ್ಮಿದ.

"ನನಗೆ ಗೊತ್ತಿತ್ತು," ಎಂದ.

"ಏನು?"

"ನೀವು ಒತ್ತಿದ್ದು. ಯಾವ ಗುಂಡಿ, ಎಷ್ಟು ಗಂಟೆಗೆ, ಎಲ್ಲಾ ಮಿಷಿನ್ ಬರೆದಿಟ್ಕೊಳ್ಳುತ್ತೆ. ಎರಡನೇ ದಿನವೇ ನೋಡಿದೆ."

ಅವಳು ತಿರುಗಿದಳು. "ಮತ್ತೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನಿಮ್ಮನ್ನ ಯಾರೂ ಒತ್ತಕ್ಕ ಅಂತಿರಲಿಲ್ಲ. ನೀವು ಓದಿದ್ದು ತಪ್ಪು, ನಿಜ. ಆದ್ರೆ ತಪ್ಪು ಓದೋ ಹಾಗೆ ಇಟ್ಟವನು ನಾನು. ಅನುವಾದ ಬಿಡ್ತೀನಿ ಅಂತ ಬರೆದಿದ್ದು ಅದಕ್ಕೇ."

"ಬಿಡಬೇಡಿ," ಎಂದಳು ತಟ್ಟನೆ. ಆಮೇಲೆ ತಲೆ ತಗ್ಗಿಸಿದಳು. "ಇನ್ನೊಂದಿದೆ. ಆ ಪುಟದಲ್ಲಿ ನಿಮ್ಮನ್ನ ಬೈದಿದ್ದು... 'ಕರಡು' ಅಂತ..."

"ಬೈಯುವಾಗಲೂ ಅಲ್ಪವಿರಾಮ ತಿದ್ದೋರು ಎಷ್ಟು ಜನ ಇರ್ತಾರೆ ಹೇಳಿ? ಅನುಮಾನ ಅವತ್ತೇ ಬಂತು."

"ಎಲ್ಲಾ ಗೊತ್ತಿದ್ದೂ ದಿನಾ ಉತ್ತರ ಬರೀತಿದ್ರಾ?"

"ಅಷ್ಟಾದ್ರೂ ಮಾತಾಡ್ತಿದ್ರಲ್ಲ. ಇಲ್ಲಿ ನೀವು ನನ್ನ ಮುಖ ನೋಡ್ತಾನೇ ಇರಲಿಲ್ಲ."

"ಹೇಗೆ ನೋಡ್ಲಿ? ನಿಮ್ಮ ಮುಖ ನೋಡಿದಾಗೆಲ್ಲ ನನ್ನ ಸುಳ್ಳು ನೆನಪಾಗ್ತಿತ್ತು. ನೋಡದೇ ಇರೋಕೂ ಆಗ್ತಿರಲಿಲ್ಲ..."

ಹೇಳಬಾರದ್ದು ಹೇಳಿಬಿಟ್ಟೆನೇ ಎಂದು ಅವಳು ಬಾಯಿ ಮುಚ್ಚಿಕೊಂಡಳು. ಕಣ್ಣು ಮಾತ್ರ ಮುಚ್ಚಲಾಗದೆ ತುಂಬಿ ಹರಿಯಿತು.

"ಅಳಿಸು ಅನ್ನೋ ಗುಂಡಿನೇ ತೆಗೆದುಹಾಕಿದೀನಿ," ಎಂದ ಅವನು ಮೆಲ್ಲಗೆ. "ಆದ್ರೂ ಅಳ್ತೀರಲ್ಲ?"

ಅಳುತ್ತಲೇ ಅವಳಿಗೆ ನಗು ಬಂತು.

ಕಳೆದುಹೋದ ನಲವತ್ತು ಪುಟಗಳನ್ನು ಅವಳು ಮೊದಲಿನಿಂದ ಬೆರಳಚ್ಚಿಸಿ ತಿದ್ದಿದಳು. ಅವನು ಪಕ್ಕದಲ್ಲಿ ಕೂತು ನರ್ಸಮ್ಮನ ಕೈಬರಹದ ಪ್ರತಿಯನ್ನು ಗಟ್ಟಿಯಾಗಿ ಓದಿ ಹೇಳಿದ. ಮುಗಿದ ದಿನ ಅವನು ಅವಳ ಕಂಪ್ಯೂಟರಿನಲ್ಲಿ ಏನೋ ಮಾಡಿ, ಸರಿದು ನಿಂತ. ಪರದೆಯ ಮೇಲೆ ಒಂದು ಪ್ರಶ್ನೆಯಿತ್ತು.

'ಈ ಹಂಚಿಕಡ್ಡಿಯನ್ನು ಏನು ಮಾಡಲಿ?'

ಎಡತುದಿಯಲ್ಲಿ 'ತೆಗೆದುಹಾಕು'. ಅಷ್ಟು ದೂರಕ್ಕೆ, ಬಲತುದಿಯಲ್ಲಿ 'ಉಳಿಸು'.

ಅವಳು ಕೆಂಪು ಪೆನ್ನಿನ ತುದಿಯನ್ನು ಬಲತುದಿಯ ಅಕ್ಷರಗಳ ಮೇಲೆ ಒಂದೊಂದಾಗಿ ಆಡಿಸಿದಳು. ಉ. ಳಿ. ಸು. ಆಮೇಲೆ ಒತ್ತಿದಳು.

"ಸರಿಯಾಗಿ ಓದಿದ್ರಾ?" ಅವನು ಪರದೆಯತ್ತ ಬಾಗಿದ. "ಆಮೇಲೆ ಸಿಸ್ಟಮ್ ನುಂಗಿಹಾಕ್ತು ಅನ್ನಬಾರದು."

"ಅನ್ನಲ್ಲ," ಎಂದಳು ಅವಳು, ಈ ಸಲ ಅವನ ಮುಖ ನೋಡಿಕೊಂಡೇ. "ಒತ್ತಿದ್ದು ನಾನೇ."