ಪಾಸಾದವನ ಸುಳ್ಳು

"ನಿಮ್ಮಿಬ್ಬರಲ್ಲಿ ಕಾಪಿ ಹೊಡೆದಿದ್ದು ಯಾರು?" ಎಂದು ಮ್ಯಾನೇಜರ್ ಕೇಳಿದಾಗ ಅವರು ಒಬ್ಬರನ್ನೊಬ್ಬರು ಮೊದಲ ಸಲ ಸರಿಯಾಗಿ ನೋಡಿದರು.

ಅವಳು ಮೇಲಿನ ಮಹಡಿಯ ಸಾಫ್ಟ್‌ವೇರ್ ಟೆಸ್ಟರ್. ಯಾರು ಏನು ಹೇಳಿದರೂ "ಪುರಾವೆ ಎಲ್ಲಿ?" ಎಂದು ಕೇಳಿ ಕೇಳಿ ಕಚೇರಿಯಲ್ಲಿ ಪುರಾವೆ ಮೇಡಂ ಎಂದೇ ಹೆಸರಾಗಿದ್ದಳು. ಅವನು ನೆಲಮಹಡಿಯಲ್ಲಿ, ಸದಾ ಗುಂಯ್‌ಗುಡುವ ಸರ್ವರ್ ಕೋಣೆಯ ಪಕ್ಕ ಕೂರುವವನು. ಡೇಟಾ ಕಳೆದುಹೋಗದಂತೆ ಪ್ರತಿ ತೆಗೆದಿಡುವುದು ಅವನ ಕೆಲಸ. ಹಾಗಾಗಿ ಎಲ್ಲರ ಬಾಯಲ್ಲೂ ಅವನು ಬ್ಯಾಕಪ್. ಲಿಫ್ಟಿನಲ್ಲಿ ಎದುರಾದರೆ ಇಬ್ಬರೂ ತಲೆಯಾಡಿಸುತ್ತಿದ್ದರು. ಪರಿಚಯ ಅಷ್ಟಕ್ಕೇ ಮುಗಿಯುತ್ತಿತ್ತು.

ಕಂಪನಿಯ ದೊಡ್ಡ ಗಿರಾಕಿ ಒಂದು ಆಸ್ಪತ್ರೆ. ರೋಗಿಗಳ ಮಾಹಿತಿ ಮುಟ್ಟುವವರೆಲ್ಲ ಡೇಟಾಬೇಸ್ ಪರೀಕ್ಷೆ ಪಾಸಾಗಿ ಸರ್ಟಿಫಿಕೇಟ್ ತರಲೇಬೇಕು ಎಂದು ಅದು ಪಟ್ಟು ಹಿಡಿದಿತ್ತು. ತರದಿದ್ದವರನ್ನು ಬೇರೆ ಊರಿನ ಕಚೇರಿಗೆ ಕಳಿಸುವುದಾಗಿ ಕಂಪನಿ ಹೇಳಿತ್ತು. ತಯಾರಿಗೆಂದು ನಡೆಸಿದ ಅಣಕು ಪರೀಕ್ಷೆಯ ಉತ್ತರಗಳು ಈಗ ಮ್ಯಾನೇಜರ್ ಮುಂದಿದ್ದವು.

"ಸರಿ ಉತ್ತರ ಒಂದೇ ಥರ ಇದ್ರೆ ನಾನು ತಲೆ ಕೆಡಿಸ್ಕೊಳ್ತಿರಲಿಲ್ಲ. ನಿಮ್ಮ ತಪ್ಪುಗಳೂ ಅಚ್ಚೊತ್ತಿದ ಹಾಗಿವೆ. ಅದ್ಹೇಗೆ?"

"ನಾವು ಕೂತಿದ್ದೇ ಬೇರೆ ಬೇರೆ ಮಹಡೀಲಿ. ಕಾಪಿ ಹೊಡೆದಿದ್ದಕ್ಕೆ ಪುರಾವೆ ಇದ್ಯಾ ಸರ್?" ಎಂದಳು ಅವಳು.

ಅವನು ಮೆಲ್ಲಗೆ ಕೆಮ್ಮಿದ. "ಮೇಡಂ, ನೀವು ಓದಿದ್ದು ಗ್ರಂಥಾಲಯದ ಆ ನೀಲಿ ರಟ್ಟಿನ ಪುಸ್ತಕ ತಾನೇ?"

"ಹೌದು. ನಿಮಗ್ಹೇಗೆ ಗೊತ್ತು?"

"ನಾನು ಹೋದಾಗೆಲ್ಲ ಈಗಷ್ಟೇ ಯಾರೋ ತಗೊಂಡು ಹೋದ್ರು ಅನ್ನೋರು. ಪುಟದ ಅಂಚಿಗೆಲ್ಲ ಪೆನ್ಸಿಲ್‌ನಲ್ಲಿ ಪ್ರಶ್ನೆ ಗುರುತು ಹಾಕಿದ್ದು ನೀವೇ ಇರಬೇಕು."

ಅವಳ ಕಿವಿ ಕೆಂಪಾಯಿತು. "ಹಾಗಾದ್ರೆ ನಮ್ಮ ತಪ್ಪುಗಳು... ಅದು ಹಳೇ ಆವೃತ್ತೀನಾ?"

"ಅರ್ಧಕ್ಕರ್ಧ ಬದಲಾಗಿದೆ. ನನಗೂ ಈಗಲೇ ಹೊಳೆದದ್ದು."

ಮ್ಯಾನೇಜರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಒಂದೇ ಹಳ್ಳಕ್ಕೆ ಬಿದ್ದಿದ್ದೀರಿ. ಒಬ್ಬರಿಗೊಬ್ಬರು ಕೈ ಕೊಟ್ಟು ಹತ್ತಿ ಬನ್ನಿ. ಹೊಸ ಪುಸ್ತಕ ತಗೊಳ್ಳಿ."

*

ಕಚೇರಿಯಲ್ಲಿ ಖಾಲಿ ಕೋಣೆ ಸಿಗುವುದು ದುರ್ಲಭ. ಭಾನುವಾರ ಬೆಳಗ್ಗೆ ತನ್ನ ಮನೆಗೇ ಬರಬಹುದು ಎಂದು ಅವಳು ಹೇಳಿದಳು. ಹೇಳಿದ ಮೇಲೆ, "ಮನೇಲಿ ನಮ್ಮತ್ತೆ ಇರ್ತಾರೆ," ಎಂದು ಸೇರಿಸಿದಳು.

ಗಂಡ ರಸ್ತೆ ಅಪಘಾತದಲ್ಲಿ ತೀರಿಕೊಂಡು ವರ್ಷಗಳಾಗಿದ್ದವು. ಅವಳು ತವರಿಗೆ ಹೋಗಬಹುದೆಂದು ನೆಂಟರೆಲ್ಲ ಲೆಕ್ಕ ಹಾಕಿದ್ದರು. ಹೋಗು ಎಂದು ಅತ್ತೆ ಅನ್ನಲಿಲ್ಲ, ಹೋಗುತ್ತೇನೆ ಎಂದು ಸೊಸೆ ಅನ್ನಲಿಲ್ಲ. ಹಾಗೇ ಇಬ್ಬರೂ ಒಂದೇ ಮನೆಯಲ್ಲಿ ಉಳಿದುಬಿಟ್ಟರು. ಮಗ ಓಡಾಡಿದ ಮನೆ ಬಿಟ್ಟು ತಾನು ಎಲ್ಲಿಗೂ ಬರುವುದಿಲ್ಲ ಎಂಬುದೊಂದನ್ನು ಮಾತ್ರ ಅತ್ತೆ ಖಡಾಖಂಡಿತವಾಗಿ ಹೇಳಿದ್ದರು. ಬೇರೆ ಊರಿಗೆ ವರ್ಗ ಎಂದರೆ ಅವಳು ಹೆದರುತ್ತಿದ್ದುದು ಅದಕ್ಕೇ.

ಅತ್ತೆ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಬಸ್ಸುಗಳ ಸುದ್ದಿ ಹೇಳಿಯೇ ನಿವೃತ್ತರಾದವರು. ಪ್ರಶ್ನೆ ಕೇಳುವ ಕೆಲಸವನ್ನು ಅವರು ತಾವಾಗಿಯೇ ವಹಿಸಿಕೊಂಡರು.

"ಗಮನಿಸಿ, ಗಮನಿಸಿ! ಆಯ್ಕೆ ಎ..." ಎಂದು ಅವರು ಶುರುಮಾಡಿದರೆ ಪಕ್ಕದ ಮನೆಯ ಕಿಟಕಿಯೂ ತೆರೆದುಕೊಳ್ಳುತ್ತಿತ್ತು. ಪ್ರಶ್ನೆಯ ತಲೆಬುಡ ಅವರಿಗೆ ತಿಳಿಯುತ್ತಿರಲಿಲ್ಲ. ಉಚ್ಚಾರಣೆ ಮಾತ್ರ ಒರೆಸಿದ ಗಾಜಿನಷ್ಟು ಸ್ಪಷ್ಟ.

"ಇಬ್ಬರು ಒಬ್ಬರ ಬೀಗ ಇನ್ನೊಬ್ಬರು ಹಿಡ್ಕೊಂಡು, ನೀನು ಬಿಡೋವರೆಗೂ ನಾನು ಬಿಡಲ್ಲ ಅಂತ ಕಾಯ್ತಾ ಕೂತ್ರೆ ಏನಾಗುತ್ತೆ?" ಎಂದು ಅವನು ಒಮ್ಮೆ ಪ್ರಶ್ನೆಯನ್ನು ಬಿಡಿಸಿ ಹೇಳಿದ.

"ಇದಕ್ಕೆ ಪರೀಕ್ಷೆ ಬೇರೆ ಕೇಡು. ಒಂದು ಅಡುಗೆಮನೇಲಿ ಅತ್ತೆ ಸೊಸೆ ಇದ್ರೆ ಸಾಕು," ಎಂದರು ಅತ್ತೆ.

ಅವಳು ನಕ್ಕಳು. ಅವನು ಆ ನಗುವನ್ನು ನೋಡಿದ, ನೋಡಬಾರದಿತ್ತು ಎಂಬಂತೆ ತಕ್ಷಣ ಪುಸ್ತಕಕ್ಕೆ ಬಗ್ಗಿದ.

ಅವನಿಗೊಂದು ಕೆಟ್ಟ ಚಾಳಿಯಿತ್ತು. ಉತ್ತರ ಹೇಳುತ್ತಲೇ ಅವಳ ಮುಖ ನೋಡುತ್ತಿದ್ದ. ಉತ್ತರ ತಪ್ಪಾಗಿದ್ದರೆ ಅವಳ ಕೆಳದುಟಿಯ ಒಂದು ತುದಿ ಒಳಗೆ ಸರಿಯುತ್ತಿತ್ತು. ಅದನ್ನು ಕಂಡ ಕೂಡಲೇ ಅವನು ಆಯ್ಕೆ ಬದಲಿಸುತ್ತಿದ್ದ.

"ನನ್ನ ಮುಖ ನೋಡಿ ಉತ್ತರ ಹೇಳ್ಬೇಡಿ. ಪರೀಕ್ಷೇಲಿ ಈ ಮುಖ ಇರಲ್ಲ."

"ನನಗೂ ಅದೇ ಚಿಂತೆ," ಎಂದ ಅವನು, ಪುಸ್ತಕದಿಂದ ತಲೆಯೆತ್ತದೆ.

ಅವಳು ಕೈಲಿದ್ದ ಪೆನ್ಸಿಲನ್ನು ಅಗತ್ಯಕ್ಕಿಂತ ಹೆಚ್ಚು ಹೊತ್ತು ಕೆತ್ತಿದಳು. ಆಮೇಲಿನ ಭಾನುವಾರಗಳಲ್ಲಿ ಅವನು ಬರುವ ಹೊತ್ತಿಗೆ ಕಿಟಕಿಯ ಬಳಿಯ ಕುರ್ಚಿ ತಾನೇ ತಾನಾಗಿ ಖಾಲಿ ಇರುತ್ತಿತ್ತು. ಅದನ್ನು ಖಾಲಿ ಮಾಡುತ್ತಿದ್ದವಳು ತಾನೇ ಎಂಬುದನ್ನು ಅವಳು ಗಮನಿಸದವಳಂತೆ ಇದ್ದಳು.

*

ಪರೀಕ್ಷಾ ಕೇಂದ್ರದಲ್ಲಿ ಜೇಬು ಖಾಲಿ ಮಾಡಿಸಿ, ಗಡಿಯಾರ ಬಿಚ್ಚಿಸಿ, ಒಬ್ಬೊಬ್ಬರನ್ನು ಒಂದೊಂದು ಗೂಡಿಗೆ ಕೂರಿಸಿದರು. ಕೊನೆಯ ಉತ್ತರ ಒತ್ತಿದ ಮೇಲೆ ಕಂಪ್ಯೂಟರಿನ ತೆರೆ ಸ್ವಲ್ಪ ಹೊತ್ತು ಬಿಳಿಯಾಗಿರುತ್ತದೆ, ಆಮೇಲೆ ಫಲಿತಾಂಶ.

ಅವನು ಮೊದಲು ಹೊರಬಂದು ಮೆಟ್ಟಿಲ ಮೇಲೆ ಕೂತಿದ್ದ. ಅವಳು ಬಂದಳು. ಮುಖದಲ್ಲಿ ಏನೂ ಇರಲಿಲ್ಲ. ಅಷ್ಟು ಖಾಲಿಯಾದ ಮುಖವನ್ನು ಅವನು ಅವಳಲ್ಲಿ ಕಂಡೇ ಇರಲಿಲ್ಲ.

"ಹೋಯ್ತು. ಕೂದಲೆಳೆಯಲ್ಲಿ ಹೋಯ್ತು. ನಿಮ್ಮದು?"

"ನಂದೂ ಹೋಯ್ತು," ಎಂದ ಅವನು.

ಅವಳು ಅವನ ಪಕ್ಕ ಕುಸಿದು ಕೂತಳು. ಸ್ವಲ್ಪ ಹೊತ್ತಿಗೆ ಅವಳಿಗೆ ನಗು ಬಂತು. ಇಬ್ಬರೂ ರಸ್ತೆಯಾಚೆಯ ಅಂಗಡಿಯಲ್ಲಿ ಕಾಫಿ ಕುಡಿದರು. ಪ್ರಶ್ನೆ ತೆಗೆದವರ ವಂಶವನ್ನೆಲ್ಲ ಬೈದರು. ಸೋತ ದಿನ ಇಷ್ಟು ಹಗುರವಾಗಿ ಮನೆಗೆ ನಡೆದುಹೋಗಬಹುದೆಂದು ಅವಳಿಗೆ ಗೊತ್ತಿರಲಿಲ್ಲ.

ಮರುದಿನ ಮ್ಯಾನೇಜರ್ ಎಲ್ಲರನ್ನೂ ಕರೆದು ಅವನ ಬೆನ್ನು ತಟ್ಟಿದರು. "ನಮ್ಮ ಬ್ಯಾಕಪ್ ಪಾಸು! ಒಳ್ಳೇ ಅಂಕ!" ಚಪ್ಪಾಳೆ ಬಿತ್ತು. ಅವಳೂ ತಟ್ಟಿದಳು. ಅವನು ಗುಂಪಿನಲ್ಲಿ ಅವಳನ್ನು ಹುಡುಕುತ್ತಿದ್ದ. ಸಿಕ್ಕ ಮೇಲೆ ಅವಳ ಕಣ್ಣನ್ನು ಎದುರಿಸಲಾಗದೆ ನೆಲ ನೋಡಿದ.

ಮಧ್ಯಾಹ್ನ ಅವಳು ನೇರವಾಗಿ ಸರ್ವರ್ ಕೋಣೆಗೆ ಇಳಿದುಹೋದಳು. ಅಲ್ಲಿ ಯಂತ್ರಗಳ ಸದ್ದಿನ ನಡುವೆ ಮಾತಾಡಬೇಕೆಂದರೆ ಕೂಗಲೇಬೇಕು.

"ನಾನು ಸೋತಿದ್ದು ನನ್ನ ಪಾಡು! ಜೊತೇಲಿ ಸೋತ ಹಾಗೆ ನಾಟಕ ಆಡಿ ಅಂತ ನಿಮಗೆ ಯಾರು ಹೇಳಿದ್ರು?"

"ಯಾರೂ ಹೇಳ್ಲಿಲ್ಲ. ನಿಮ್ಮ ಮುಖ ನೋಡ್ದೆ, ಬಾಯಿಗೆ ಆ ಉತ್ತರ ಬಂತು."

"ತಪ್ಪು ಉತ್ತರ."

"ಗೊತ್ತು."

"ಕನಿಕರಾನಾ?"

"ಅಲ್ಲ!" ಅವನ ದನಿ ಅವನಿಗೇ ಜೋರೆನಿಸಿತು. ಆದರೂ ತಗ್ಗಿಸಿದರೆ ಅವಳಿಗೆ ಕೇಳುವಂತಿರಲಿಲ್ಲ. "ನೀವಂದ್ರೆ ನನಗೆ ಇಷ್ಟ! ನಾನು ಪಾಸು ಅಂದ್ರೆ ಆ ಮೆಟ್ಟಿಲ ಮೇಲೆ ನೀವು ಒಬ್ಬರೇ ಆಗಿಬಿಡ್ತೀರಿ ಅನ್ನಿಸ್ತು! ಅಷ್ಟೇ!"

ಹೊರಗಿನ ಓಣಿಯಲ್ಲಿ ಯಾರದೋ ಹೆಜ್ಜೆ ನಿಂತಿತು, ಆಮೇಲೆ ಅವಸರದಿಂದ ಮುಂದಕ್ಕೆ ಹೋಯಿತು.

ಅವಳು ಬಾಗಿಲ ಹಿಡಿಯ ಮೇಲೆ ಕೈಯಿಟ್ಟಳು. "ಇಷ್ಟಪಟ್ಟವರಿಗೆ ಸುಳ್ಳು ಹೇಳ್ತಾರಾ?"

"ಹೇಳಬಾರದು. ಇನ್ನು ಹೇಳಲ್ಲ."

ಅವಳು ಲಿಫ್ಟಿಗೆ ಕಾಯದೆ ಮೆಟ್ಟಿಲು ಹತ್ತಿಹೋದಳು.

*

"ಎಲ್ಲಿ ನಿನ್ನ ಜೊತೆಗಾರ? ಎರಡು ಭಾನುವಾರದಿಂದ ಕಾಣ್ತಿಲ್ಲ," ಎಂದರು ಅತ್ತೆ.

"ಸುಳ್ಳು ಹೇಳಿದ್ರು. ಪಾಸಾಗಿದ್ರೂ ಫೇಲು ಅಂದ್ರು."

ಅತ್ತೆ ಬಿದ್ದು ಬಿದ್ದು ನಕ್ಕರು. "ಫೇಲಾದೋರು ಪಾಸು ಅನ್ನೋದು ಕೇಳಿದ್ದೀನಿ. ಇದು ಹೊಸದು." ನಗು ಅರ್ಧದಲ್ಲೇ ನಿಂತಿತು. ಅವರು ಸೊಸೆಯ ಮುಖವನ್ನೇ ನೋಡಿದರು. "ಅವನಿಗೆ ನಿನ್ನ ಮೇಲೆ ಮನಸ್ಸಿದೆ."

"ಹೂಂ. ಹೇಳಿದ್ರು."

"ನಿನಗೆ?"

ಅವಳ ಕಣ್ಣು ಕಿಟಕಿಯ ಬಳಿಯ ಖಾಲಿ ಕುರ್ಚಿಯತ್ತ ಹೋಯಿತು. ಅತ್ತೆಗೆ ಅಷ್ಟೇ ಸಾಕಾಯಿತು.

"ಅವನನ್ನ ಬ್ಯಾಕಪ್ ಅಂತಾರೆ, ಹಾಗಂದ್ರೆ ಏನು ಅಂತ ನೀನೇ ಹೇಳಿದ್ದೆ. ಇರೋದು ಹೋದ್ರೆ ಅದರ ಬದಲಿಗೆ ಇನ್ನೊಂದು. ನನ್ನ ಮಗನಿಗೆ ಬ್ಯಾಕಪ್ಪಾ?" ಎಂದು ಕೇಳಿ ಅತ್ತೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಮುಂದಿನ ದಿನಗಳಲ್ಲಿ ಅನ್ನ, ನೀರು, ದೀಪ ಎಲ್ಲವೂ ಹೊತ್ತಿಗೆ ಸರಿಯಾಗಿ ನಡೆದವು. ಮಾತು ಮಾತ್ರ ನಿಂತಿತ್ತು. ಮರುಪರೀಕ್ಷೆಗೆ ಒಂದೇ ಅವಕಾಶ ಉಳಿದಿತ್ತು. ಅವಳು ಒಬ್ಬಳೇ ಕೂತು ಓದಿದಳು. ಕಳೆದುಹೋದ ಡೇಟಾವನ್ನು ಹಿಂದಕ್ಕೆ ತರುವ ಅಧ್ಯಾಯ ಅವಳಿಗೆ ಕಬ್ಬಿಣದ ಕಡಲೆ. ಹೋದ ಸಲ ಮುಗ್ಗರಿಸಿದ್ದೂ ಅಲ್ಲೇ. ಎಷ್ಟು ಓದಿದರೂ ತಲೆಗೆ ಹತ್ತದಿದ್ದಾಗ ಫೋನ್ ತೆಗೆದಳು.

"ಆ ರಿಕವರಿ ಭಾಗ ಅರ್ಥ ಆಗ್ತಿಲ್ಲ. ಬರ್ತೀರಾ? ಸಮಾಧಾನ ಮಾಡೋಕೆ ಬರಬೇಡಿ, ಪಾಠ ಹೇಳೋಕೆ ಬನ್ನಿ."

ಅವನು ಬಂದ. ಈ ಸಲ ಮುಖ ನೋಡಲಿಲ್ಲ. ಅವಳು ಹೇಳಿದ ಉತ್ತರಕ್ಕೆ "ತಪ್ಪು" ಎಂದ. ಮತ್ತೆ ಹೇಳಿದ್ದಕ್ಕೂ "ತಪ್ಪು" ಎಂದ. ಯಾಕೆ ತಪ್ಪೆಂದು ಚಿತ್ರ ಬರೆದು ತೋರಿಸಿದ. ಹೀಗೆ ಬೆಳಗ್ಗೆಯೆಲ್ಲ ಕಳೆಯಿತು. ಒಂದು ಗಳಿಗೆಯೂ ಅವನು ಅವಳ ಮೇಲೆ ದಯೆ ತೋರಿಸಲಿಲ್ಲ. ಅವನ ಬಗ್ಗೆ ಗಂಟಾಗಿದ್ದ ಅವಳ ಹುಬ್ಬು ಸಡಿಲಾದದ್ದು ಆವತ್ತೇ.

ಕೋಣೆಯ ಬಾಗಿಲು ತೆರೆಯಿತು. ಅತ್ತೆ ಬಂದು ನಿಂತರು. ಅವನು ಎದ್ದು ನಿಂತ.

"ಕೂತ್ಕೋ. ಒಂದು ಮಾತು ಕೇಳ್ಬೇಕು. ಇವಳು ನಿನ್ನನ್ನ ಮದ್ವೆ ಆದ್ಲು ಅಂತಿಟ್ಕೋ. ಆಮೇಲೆ ನಾನು ಇವಳಿಗೆ ಯಾರು? ಸತ್ತ ಗಂಡನ ತಾಯಿ. ಸರಿ. ನಿನಗೆ ನಾನು ಯಾರು? ಅಂಥ ಸಂಬಂಧಕ್ಕೆ ಒಂದು ಹೆಸರಾದ್ರೂ ಇದ್ಯಾ?" ಲಕ್ಷ ಜನಕ್ಕೆ ಬಸ್ಸಿನ ದಾರಿ ಹೇಳಿದ ಆ ದನಿ ಇಲ್ಲಿ ತಾನೇ ದಾರಿ ಕೇಳುತ್ತಿತ್ತು.

ಸುಳ್ಳು ಹೇಳುವುದಿಲ್ಲ ಎಂದು ಮಾತು ಕೊಟ್ಟವನು ಯೋಚಿಸಿಯೇ ಬಾಯಿಬಿಡಬೇಕಿತ್ತು.

"ನಿಮ್ಮ ಮಗನ ಜಾಗ ನನಗೆ ಬೇಡಮ್ಮಾ, ಅದು ಅವರದೇ. ಆದ್ರೆ ಹೆಸರು ಇದೆ. ಹೆಂಡತಿ ತಾಯೀನ ಏನಂತ ಕರೀತಾರೆ? ಅತ್ತೆ ಅಂತಾನೇ ಅಲ್ವಾ? ಇವರೂ ನಿಮ್ಮನ್ನ ಅತ್ತೆ ಅಂತಾರೆ. ಇರೋ ಪದಾನೇ ಇಬ್ಬರಿಗೂ ಸಾಲುತ್ತೆ."

ಅತ್ತೆ ಸೊಸೆಯ ಕಡೆ ತಿರುಗಿದರು. "ಹಂಗಾದ್ರೆ ಇವಳು ನನ್ನ ಮಗಳಾಗ್ಬೇಕಾಗುತ್ತೆ."

"ಅದನ್ನ ನೀವಿಬ್ಬರು ತೀರ್ಮಾನ ಮಾಡ್ಕೊಳ್ಳಿ."

"ತಾಳಿ, ತಾಳಿ," ಎಂದಳು ಅವಳು. ಕಣ್ಣು ತುಂಬಿದ್ದರೂ ದನಿ ಕಚೇರಿಯದೇ. "ಹುಡುಗಿ ಇನ್ನೂ ಒಪ್ಪಿಲ್ಲ. ನನ್ನನ್ನ ಬಿಟ್ಟು ನೀವಿಬ್ಬರೇ ಸಂಬಂಧ ಕುದುರಿಸ್ಕೊಂಡ್ರಾ?"

ಅತ್ತೆ ಸೆರಗಿನಿಂದ ಮೂಗೊರೆಸಿಕೊಂಡು ಮೇಜಿನ ಮೇಲಿದ್ದ ಪುಸ್ತಕ ಎತ್ತಿಕೊಂಡರು. "ಮೊದ್ಲು ಪರೀಕ್ಷೆ. ಗಮನಿಸಿ! ಆಯ್ಕೆ ಎ..."

*

ಮರುಪರೀಕ್ಷೆಯ ಬೆಳಗ್ಗೆ ಅವನು ಕೇಂದ್ರದವರೆಗೆ ಜೊತೆಗೆ ಬಂದ. ಬಾಗಿಲಲ್ಲಿ ಅವಳು ನಿಂತಳು.

"ಈಗಲೇ ಹೇಳಿಬಿಡ್ತೀನಿ. ಬಂದ ಮೇಲೆ ಹೇಳಿದ್ರೆ ಪಾಸಾದ ಖುಷೀಲಿ ಹೇಳಿದ್ಲು ಅಂತ ನೀವಂದ್ಕೋತೀರಿ. ಫೇಲಾದ್ರೆ ದುಃಖಕ್ಕೆ ಆಸರೆ ಹುಡುಕ್ದೆ ಅಂತ ನಾನಂದ್ಕೋತೀನಿ. ಎರಡೂ ಬೇಡ. ನನಗೆ ಒಪ್ಪಿಗೆ."

ಹೇಳಿ, ಗಡಿಯಾರ ಬಿಚ್ಚಿ ಅವನ ಕೈಗೆ ಕೊಟ್ಟು ಒಳಗೆ ಹೋದಳು. ಅವನು ಶುಭ ಹಾರೈಸುವುದನ್ನೂ ಮರೆತು ಅಲ್ಲೇ ನಿಂತಿದ್ದ. ಕಾವಲುಗಾರ ದಾರಿಯಿಂದ ಸ್ವಲ್ಪ ಸರಿಯಲು ಹೇಳಬೇಕಾಯಿತು.

ಅವಳು ಪಾಸಾದಳು. ಹೊರಗೆ ಬಂದು ಒಂದೇ ಪದದಲ್ಲಿ ಹೇಳಿದಳು. ಅವನು ಅವಳ ಕೈ ಹಿಡಿದ. ಎಷ್ಟೋ ಭಾನುವಾರ ಒಂದೇ ಮೇಜಿನ ಮೇಲೆ ಅಕ್ಕಪಕ್ಕ ಇದ್ದರೂ ಆ ಎರಡು ಕೈಗಳು ಸೇರಿದ್ದು ಆಗಲೇ.

ಹಿಂದಿರುಗುವ ಬಸ್ಸಿನಲ್ಲಿ ಜನ ಕಡಿಮೆ. ಕಿಟಕಿಯ ಬಿಸಿಲು ಅವಳ ಮಡಿಲಿಗೆ ಬಿದ್ದು, ತಿರುವಿನಲ್ಲಿ ಜಾರಿ, ಮತ್ತೆ ಬರುತ್ತಿತ್ತು. ವಾರಗಟ್ಟಲೆ ಬಾಕಿಯಿದ್ದ ನಿದ್ದೆ ಅವಳನ್ನು ಕೂತಲ್ಲೇ ಎಳೆದುಕೊಂಡಿತು. ತಲೆ ಮೆಲ್ಲಗೆ ವಾಲಿ ಅವನ ಭುಜಕ್ಕೆ ತಾಗಿತು. ಅವನು ಉಸಿರಾಡುವುದನ್ನೂ ನಿಧಾನ ಮಾಡಿದ.

ಫೋನ್ ಅದುರಿತು.

"ಏನಾಯ್ತು?" ಎಂದರು ಅತ್ತೆ.

"ಒಪ್ಪಿದ್ರು," ಎಂದ ಅವನು ಪಿಸುದನಿಯಲ್ಲಿ.

"ನಾನು ಕೇಳಿದ್ದು ಪರೀಕ್ಷೆ ವಿಷ್ಯ."

"ಅದೂ ಪಾಸು."

"ಎಲ್ಲಿ, ಅವಳಿಗೆ ಕೊಡು."

"ಮಲಗಿದ್ದಾರೆ, ಅತ್ತೆ."

ಅವನು ಅವರನ್ನು ಹಾಗೆ ಕರೆದದ್ದು ಅದೇ ಮೊದಲು. "ಎಬ್ಬಿಸ್ಬೇಡ. ನಿಧಾನಕ್ಕೆ ಬನ್ನಿ," ಎಂದು ಹೇಳಿ ಅವರು ಫೋನ್ ಇಟ್ಟರು.

ಇಬ್ಬರೂ ಇಳಿಯಬೇಕಾದ ನಿಲ್ದಾಣ ಬಂತು. ಬಾಗಿಲು ತೆರೆಯಿತು, ಯಾರೋ ಇಳಿದರು, ಯಾರೋ ಹತ್ತಿದರು. ಅವನು ಅಲುಗಾಡಲಿಲ್ಲ. ಬಸ್ಸು ಮುಂದಕ್ಕೆ ಹೊರಟಿತು.