ಎರಡು ಸುತ್ತು ಉಳಿದ ನಟ್ಟು

ವರದಿಯ ಹನ್ನೊಂದನೇ ಪುಟದಲ್ಲಿ ಒಂದು ಸಾಲಿತ್ತು: ‘ಬಾಗಿಲಿನ ಕೆಳಗಿನ ಬ್ರಾಕೆಟ್ಟನ್ನು ಫಿಟ್ಟರ್ ಸರಿಯಾಗಿ ಬಿಗಿ ಮಾಡಿರಲಿಲ್ಲ.’ ಆ ಫಿಟ್ಟರ್ ಅವನೇ. ಆ ಬಾಗಿಲಿಗೆ ಒರಗಿ ನಿಂತಿದ್ದು, ತುಂಬಿದ ಬೆಳಗಿನ ಗಾಡಿಯಿಂದ ಹಳಿಯ ಮೇಲೆ ಬಿದ್ದು ಸತ್ತವಳು ಅವನ ಮಗಳು. ಇಪ್ಪತ್ನಾಲ್ಕು ವರ್ಷದವಳು, ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸಕ್ಕೆ ಹೊರಟಿದ್ದಳು. ವರದಿ ಬರೆದವರು ಡಿಪೋದ ಇನ್‌ಸ್ಪೆಕ್ಟರ್ ಸಾಹೇಬರು. ಬರೆಯುವವರಿಗೆ ಅರ್ಧ ನಿಮಿಷದ ಕೆಲಸ. ಓದಿದವನು ಹದಿನಾಲ್ಕು ತಿಂಗಳಿಂದ ಆ ಸಾಲನ್ನು ಹೊತ್ತುಕೊಂಡು ತಿರುಗುತ್ತಿದ್ದ.

ಊರ ಹೊರಗಿನಿಂದ ಜನರನ್ನು ತಂದು ಪೇಟೆಗೆ ಸುರಿಯುವ ಲೋಕಲ್ ಗಾಡಿಗಳೆಲ್ಲ ರಿಪೇರಿಗೆ ಬರುತ್ತಿದ್ದುದು ಆ ಡಿಪೋಗೆ. ಹದಿನೇಳು ಎಂಜಿನ್ನು, ನೂರಾ ಮೂವತ್ತು ಬೋಗಿ. ಅತಿ ಹಳೆಯ ಎಂಜಿನ್ನಿಗೆ ಡ್ರೈವರುಗಳು ‘ಅತ್ತೆ’ ಎಂದು ಹೆಸರಿಟ್ಟಿದ್ದರು. ಏರಿನಲ್ಲಿ ಗೊಣಗುತ್ತಾಳೆ, ಇಳಿಜಾರಿನಲ್ಲಿ ಯಾರ ಮಾತೂ ಕೇಳುವುದಿಲ್ಲ. ಅವನಿಗೂ ಅಡ್ಡಹೆಸರಿತ್ತು: ಬಾಗಿಲಣ್ಣ. ಇಪ್ಪತ್ತೊಂಬತ್ತು ವರ್ಷ ಬಾಗಿಲು ಬಿಟ್ಟು ಬೇರೆ ಕೆಲಸ ಮುಟ್ಟಿದವನಲ್ಲ. ವರದಿ ಬಂದ ವಾರವೇ ಅವನನ್ನು ಸೀಟಿನ ವಿಭಾಗಕ್ಕೆ ಹಾಕಿದರು. ಹರಿದ ರೆಕ್ಸಿನ್ನಿಗೆ ತೇಪೆ ಹಾಕುತ್ತ ಕೂತವನನ್ನು ಯಾವನೋ ಒಬ್ಬ ‘ಸೀಟಣ್ಣ’ ಎಂದು ಕರೆದ. ಉಳಿದವರು ನಗಲಿಲ್ಲ, ಆದರೆ ಸುಮ್ಮನಿರು ಎಂದು ಹೇಳುವವರೂ ಇರಲಿಲ್ಲ.

ತಾನು ಬಿಗಿ ಮಾಡಿದ್ದು ಅವನಿಗೆ ಗೊತ್ತಿತ್ತು. ಬಾಗಿಲ ಬುಡವನ್ನು ಹಿಡಿದಿಡುವ ಬ್ರಾಕೆಟ್ಟಿಗೆ ಹಳೇ ಬೋಗಿಗಳಲ್ಲಿ ಲಾಕ್ ನಟ್ಟು ಇರುತ್ತಿತ್ತು, ಒಮ್ಮೆ ಕೂತರೆ ಕೂತ ಹಾಗೇ. ಹೊಸ ಹಳದಿ ಬೋಗಿಗಳಿಗೆ ಕೊಟ್ಟದ್ದು ಸಾದಾ ನಟ್ಟು. ಎಷ್ಟು ಬಿಗಿದರೂ ಗಾಡಿಯ ಅಲುಗಾಟಕ್ಕೆ ತಿಂಗಳೊಳಗೆ ತಾನಾಗಿ ತಿರುಗಿಕೊಳ್ಳುತ್ತದೆ. ಹೀಗೆಂದು ಅವನು ಮೂರು ಸಲ ಕಾಗದ ಬರೆದು ಸಾಹೇಬರ ಕೈಗೆ ಕೊಟ್ಟಿದ್ದ. ಮಗಳು ಸತ್ತ ಮೇಲೆ ಫೈಲಿನಲ್ಲಿ ಒಂದು ಕಾಗದವೂ ಇರಲಿಲ್ಲ. ಆ ಬಾಗಿಲಿನ ನಟ್ಟೂ ಸಿಗಲಿಲ್ಲವಂತೆ. ಸಿಕ್ಕಿದ್ದರೆ ಅದೇ ಬಾಯಿಬಿಟ್ಟು ಸಾಕ್ಷಿ ಹೇಳುತ್ತಿತ್ತು. ಲಾಕ್ ನಟ್ಟು ತರಿಸದ ಸಾಹೇಬರು ಉಳಿದುಕೊಂಡರು. ತಪ್ಪು ಫಿಟ್ಟರನ ತಲೆಗೆ ಬಂತು.

ಇದನ್ನೆಲ್ಲ ಅವನು ತಡೆದುಕೊಳ್ಳುತ್ತಿದ್ದ. ತಡೆಯಲಾಗದೆ ಹೋದದ್ದು ಹೆಂಡತಿಯ ಒಂದು ಮಾತನ್ನು. ವರದಿಯನ್ನು ಎರಡು ಸಲ ಓದಿ ಮಡಿಸಿಟ್ಟು ಅವಳು ಕೇಳಿದಳು:

“ಆವತ್ತು ಬಿಗಿ ಮಾಡಿದ್ರಾ, ಇಲ್ವಾ? ಒಂದೇ ಒಂದು ಮಾತು ಹೇಳಿ.”

“ಮಾಡಿದ್ದೆ ಕಣೇ.”

“ಹಾಗಾದ್ರೆ ಹ್ಯಾಗ್ರೀ ಬಿಚ್ಚಿಕೊಳ್ತು?”

ಅವನು ನಟ್ಟಿನ ವಿಷಯ ಹೇಳಿದ. ಅಲುಗಾಟದ ವಿಷಯ ಹೇಳಿದ. ಅವಳು ಪೂರ್ತಿ ಕೇಳಿ ಎದ್ದು ಹೋದಳು. ಅಂದಿನಿಂದ ತಟ್ಟೆ ಇಡುತ್ತಾಳೆ, ಬಟ್ಟೆ ಒಗೆದು ಹಾಕುತ್ತಾಳೆ, ಮಾತಾಡುವುದಿಲ್ಲ. ಬೈದಿದ್ದರೂ ಆಗುತ್ತಿತ್ತು. ಮಗಳ ಫೋಟೋದ ಗಾಜು ಒರೆಸುವಾಗ ಅವನು ಬಂದರೆ ಬಟ್ಟೆಯನ್ನು ಅಲ್ಲೇ ಇಟ್ಟು ಒಳಗೆ ಹೋಗಿಬಿಡುತ್ತಾಳೆ. ಕಾಗದದಲ್ಲಿ ಬರೆದದ್ದನ್ನು ಕಾಗದದಲ್ಲೇ ಅಳಿಸಬೇಕು, ಬರೀ ಬಾಯಿಮಾತಿಗೆ ಈ ಮನೆಯಲ್ಲಿ ಇನ್ನು ಬೆಲೆಯಿಲ್ಲ ಎಂದು ಅವನಿಗೆ ಅರ್ಥವಾಯಿತು.

ಕೊಲ್ಲುವ ಯೋಚನೆ ಸಿಟ್ಟಿನಲ್ಲಿ ಹುಟ್ಟಿದ್ದಲ್ಲ. ಒಂದು ಸಂಜೆ ಹಳದಿ ಗಾಡಿಯಲ್ಲಿ ಮನೆಗೆ ಹೊರಟಿದ್ದಾಗ ಸಾಹೇಬರು ಎದುರಿಗೇ ಬಾಗಿಲಿಗೆ ಬೆನ್ನು ಕೊಟ್ಟು ನಿಂತು ಫೈಲು ಓದುತ್ತಿದ್ದರು. ಮೂರನೇ ಬೋಗಿ, ಬಲಗಡೆಯ ಹಿಂದಿನ ಬಾಗಿಲು. ಅವರು ಯಾವಾಗಲೂ ನಿಲ್ಲುವ ಜಾಗ. ಡಿಪೋದವರು ಅದನ್ನು ‘ಸಾಹೇಬರ ಬಾಗಿಲು’ ಎಂದೇ ಕರೆದು ಬಿಟ್ಟುಕೊಡುತ್ತಿದ್ದರು. ಮೂರು ಕಾಗದ ನುಂಗಿದ ಮನುಷ್ಯ ಅದೇ ಸಾದಾ ನಟ್ಟನ್ನು ನಂಬಿ ಆರಾಮಾಗಿ ಒರಗಿದ್ದಾರಲ್ಲ ಎನ್ನಿಸಿತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎನ್ನುತ್ತಾರೆ. ಬಾಗಿಲಣ್ಣನಿಗೆ ಅಷ್ಟು ಸಾಲದು. ಸತ್ತ ಹಾವು ತಪ್ಪು ತನ್ನದೇ ಎಂದು ಬರೆದು ಕೊಟ್ಟು ಹೋಗಬೇಕು.

ಹನ್ನೊಂದು ವಾರ ನೋಡಿದ. ಐದೂ ಇಪ್ಪತ್ತರ ಗಾಡಿ ಡಿಪೋ ಪಕ್ಕದ ನಿಲ್ದಾಣದಿಂದಲೇ ಹೆಚ್ಚುಕಡಿಮೆ ಖಾಲಿಯಾಗಿ ಹೊರಡುತ್ತದೆ. ಪ್ಲಾಟ್‌ಫಾರಂಗಳೆಲ್ಲ ಎಡಕ್ಕೆ, ಪೇಟೆ ಮುಟ್ಟುವವರೆಗೆ ಬಲಗಡೆಯ ಬಾಗಿಲು ತೆರೆಯುವುದಿಲ್ಲ, ಅದರ ಗೊಡವೆ ಯಾರಿಗೂ ಇಲ್ಲ. ಹೊರಟ ನಾಲ್ಕು ನಿಮಿಷಕ್ಕೆ, ಇನ್ನೊಂದು ನಿಲ್ದಾಣ ಬರುವ ಮೊದಲೇ, ನೀರಿನ ಟ್ಯಾಂಕಿನ ಹತ್ತಿರ ದೊಡ್ಡ ತಿರುವು. ಅಲ್ಲಿ ನಿಂತವರೆಲ್ಲ ಬಲಕ್ಕೆ ವಾಲುತ್ತಾರೆ. ಹಳದಿ ಬೋಗಿಗಳ ಗಾಡಿ ಆ ಹೊತ್ತಿಗೆ ಓಡುವುದು ಮಂಗಳವಾರ ಮತ್ತು ಶುಕ್ರವಾರ. ಅಂದು ಎರಡು ಗಂಟೆಗೆ ತೊಳೆಯಲು ಬಂದು ಐದರವರೆಗೆ ಡಿಪೋದಲ್ಲೇ ನಿಂತಿರುತ್ತದೆ. ಇನ್ನೊಬ್ಬರ ಕೂದಲೂ ಕೊಂಕಬಾರದು, ಸಾಹೇಬರೂ ತಪ್ಪಿಸಿಕೊಳ್ಳಬಾರದು. ಗಡಿಯಾರದ ಹಲ್ಲಿಗೆ ಹಲ್ಲು ಕೂಡಿಬಂದ ಹಾಗೆ ಎಲ್ಲ ಕೂಡಿಬಂತು.

ತನಿಖೆಯನ್ನೂ ಅವನು ಮೊದಲೇ ನಡೆಸಿ ನೋಡಿದ. ಸೀಟು ರಿಪೇರಿಯ ನೆಪದಲ್ಲಿ ಅದೇ ಗಾಡಿಯ ಮೂವತ್ತೆರಡು ಬಾಗಿಲನ್ನು ಒಂದೊಂದಾಗಿ ಮುಟ್ಟಿದ. ಹನ್ನೆರಡರ ನಟ್ಟು ಬೆರಳಿಗೇ ತಿರುಗುತ್ತಿತ್ತು. ಹೊಸ ಬಾಗಿಲ ಫಿಟ್ಟರ್ ಪ್ರಾಮಾಣಿಕ, ಎರಡು ಮಕ್ಕಳ ತಂದೆ. ಅವನು ಬಿಗಿ ಮಾಡಿ ಬರೀ ಮೂರು ವಾರವಾಗಿತ್ತು. ನಾಳೆ ಹೊರಗಿನವರು ಬಂದು ಒಂದು ಬಾಗಿಲು ಯಾಕೆ ಬಿಚ್ಚಿತೆಂದು ಹುಡುಕಿದರೆ ಹನ್ನೆರಡು ಬಾಗಿಲು ಉತ್ತರ ಕೊಡುತ್ತವೆ. ಫಿಟ್ಟರನ ತಪ್ಪಲ್ಲ, ನಟ್ಟಿನದೇ ತಪ್ಪು ಎಂದು ಬರೆಯದೆ ವಿಧಿಯಿಲ್ಲ. ಹಾಗೆ ಬರೆದರೆ ಹಿಂದಿನ ಹನ್ನೊಂದನೇ ಪುಟ ತಾನಾಗಿ ಸುಳ್ಳಾಗುತ್ತದೆ. ತಾನು ಸುಳ್ಳು ಹೇಳುತ್ತಿಲ್ಲ, ನಿಜವನ್ನೇ ಸ್ವಲ್ಪ ಬೇಗ ಹೊರಡಿಸುತ್ತಿದ್ದೇನೆ ಎಂದುಕೊಂಡ. ನಾಲ್ಕನೇ ಕಾಗದ ಬರೆಯಬಹುದಿತ್ತಲ್ಲ? ಅದೂ ಮನಸ್ಸಿಗೆ ಬಂದಿತ್ತು. ಆದರೆ ಕೊಡುವುದು ಯಾರ ಕೈಗೆ? ಅದೇ ಮೇಜು, ಅದೇ ಡ್ರಾಯರು.

ಒಂದು ವಿಷಯದಲ್ಲಿ ಮಾತ್ರ ಬಹಳ ಯೋಚಿಸಿದ. ಬ್ರಾಕೆಟ್ಟಿಗೆ ಎರಡು ಬೋಲ್ಟು. ಎರಡೂ ನಟ್ಟು ತೆಗೆದರೆ ಕೆಲಸ ಸಲೀಸು, ಆದರೆ ಮತ್ತೆ ‘ನಟ್ಟು ಸಿಗಲಿಲ್ಲ’ ಎಂದುಬಿಡುತ್ತಾರೆ. ಈ ಸಲ ನಟ್ಟು ಸಿಗಲೇಬೇಕು. ಒಂದನ್ನು ಪೂರ್ತಿ ತೆಗೆಯುವುದು, ಇನ್ನೊಂದನ್ನು ತುದಿಯವರೆಗೆ ತಿರುಗಿಸಿ ಎರಡೇ ಸುತ್ತು ಉಳಿಸುವುದು. ತಿರುವಿನಲ್ಲಿ ಒರಗಿದವರ ಭಾರಕ್ಕೆ ಬ್ರಾಕೆಟ್ಟು ಜೋತುಬಿದ್ದು ಬಾಗಿಲಿನ ಬುಡ ಹೊರಕ್ಕೆ ಸರಿಯುತ್ತದೆ, ನಟ್ಟು ಮಾತ್ರ ಬೋಲ್ಟಿನಲ್ಲೇ ಉಳಿಯುತ್ತದೆ. ಮಗಳಿಗೆ ಸಿಗದ ಸಾಕ್ಷಿಯನ್ನು ಅವನು ಕೈಯಾರೆ ಒದಗಿಸಿಕೊಡುತ್ತಿದ್ದ.

ಶುಕ್ರವಾರ ನಾಲ್ಕಕ್ಕೆ ಎಲ್ಲರೂ ಚಹಾಕ್ಕೆ ಹೋದರು. ಬಾಗಿಲಣ್ಣ ಮೂರನೇ ಬೋಗಿಯಲ್ಲಿ ಒಂದು ಸೀಟಿನ ಹೊಲಿಗೆ ಅರ್ಧಕ್ಕೆ ಬಿಟ್ಟು ಆ ಬಾಗಿಲ ಬುಡದಲ್ಲಿ ಮಂಡಿಯೂರಿದ. ಸೀಮೆಎಣ್ಣೆ ಬಟ್ಟೆಯಿಂದ ಜಿಡ್ಡು ಒರೆಸಿದ, ಸ್ಪ್ಯಾನರ್ ಹಾಕಿದ. ಹದಿನಾಲ್ಕು ತಿಂಗಳ ಮೇಲೆ ಕೈಗಳಿಗೆ ಬಾಗಿಲು ಸಿಕ್ಕಿತ್ತು. ತವರಿಗೆ ಬಂದ ಹೆಣ್ಣಿನ ಹಾಗೆ ಅವು ತಾವಾಗಿ ಓಡಾಡಿದವು. ತಲೆ ಹೇಳಿಕೊಡಬೇಕಾದ್ದು ಏನೂ ಇರಲಿಲ್ಲ. ತಲೆಯಲ್ಲಿ ಆಗ ಮಗಳಿದ್ದಳು. ಆ ಕೊನೆಯ ಬೆಳಿಗ್ಗೆ ಊಟದ ಡಬ್ಬಿ ಮರೆತು ಹೋಗಿ ಮತ್ತೆ ಓಡಿ ಬಂದಿದ್ದಳು. ಮೂರೂವರೆ ನಿಮಿಷಕ್ಕೆಲ್ಲ ಮುಗಿದು, ಅವನು ಸೀಟಿನ ಹೊಲಿಗೆಗೆ ವಾಪಸು ಬಂದಿದ್ದ.

ಐದೂ ಇಪ್ಪತ್ತಕ್ಕೆ ‘ಅತ್ತೆ’ ಕೂಗಿ ಗಾಡಿ ಎಳೆದುಕೊಂಡು ಹೊರಟಳು. ಬಾಗಿಲಣ್ಣ ಡಿಪೋ ಗೇಟಿನ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದ. ಸಾಬೂನು ಮೂರು ಸಲ ಹಚ್ಚಿದ. ಐದೂ ಮೂವತ್ತೊಂದಕ್ಕೆ ಕಂಟ್ರೋಲ್ ರೂಮಿನಲ್ಲಿ ಫೋನು ಬಡಿದುಕೊಳ್ಳತೊಡಗಿತು. ಜನ ಓಡಿದರು. ಓಡುವವರ ಜೊತೆ ಅವನೂ ಓಡಿದ.

ಸಮಾಧಾನ ಸಿಗುತ್ತದೆ ಎಂದುಕೊಂಡಿದ್ದ, ಸಿಗಲಿಲ್ಲ. ಮರುದಿನ ಡಿಪೋದವರ ಜೊತೆ ಸಾಹೇಬರ ಮನೆಗೆ ಹೋದ. ಬಾಗಿಲಲ್ಲೇ ಕೂತಿದ್ದ ಸಾಹೇಬರ ಹೆಂಡತಿ ಬಂದವರ ಮುಖಗಳನ್ನೆಲ್ಲ ನೋಡಿ ಕೇಳಿದರು:

“ಆ ಬಾಗಿಲು ನೋಡ್ಕೊಳ್ತಾ ಇದ್ದವರು ಯಾರಪ್ಪಾ? ಬಿಗಿ ಮಾಡಿದ್ರಾ, ಇಲ್ವಾ?”

ಇದನ್ನು ಅವನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಹೊಸ ಫಿಟ್ಟರ್ ತಲೆ ತಗ್ಗಿಸಿ ಅಳತೊಡಗಿದ. ಬಾಗಿಲಣ್ಣ ಅವನ ಭುಜದ ಮೇಲೆ ಕೈಯಿಟ್ಟು, “ನಿಂದೇನೂ ತಪ್ಪಿಲ್ಲ ಕಣೋ, ನನಗೆ ಗೊತ್ತು” ಎಂದ. ಹದಿನಾಲ್ಕು ತಿಂಗಳಲ್ಲಿ ತನಗೆ ಯಾರೂ ಹೇಳದಿದ್ದ ಮಾತು ಅದು. ಹೇಳುತ್ತಿದ್ದಂತೆ ಅವನಿಗೇ ಹೇಸಿಗೆಯಾಯಿತು.

ತನಿಖೆಗೆ ಹೊರಗಿನಿಂದ ಒಬ್ಬ ಅಧಿಕಾರಿ ಬಂದರು. ನಲವತ್ತರ ಹೆಂಗಸು, ಮೆತ್ತಗಿನ ಮಾತು. ಅವನು ಅಂದುಕೊಂಡಂತೆಯೇ ಎಲ್ಲ ನಡೆಯಿತು. ಹಳದಿ ಬೋಗಿಗಳ ಬಾಗಿಲು ಬಿಚ್ಚಿಸಿದರು, ಸಡಿಲ ನಟ್ಟುಗಳನ್ನು ಎಣಿಸಿದರು. ಸತ್ತವರ ಮೇಜಿನ ಡ್ರಾಯರಿನ ತಳದಲ್ಲಿ ಚಹಾದ ಕಲೆಯಾದ ಮೂರು ಕಾಗದವೂ ಸಿಕ್ಕವು. “ಬಾಗಿಲಣ್ಣ ಅವತ್ತೇ ಬಡ್ಕೊಂಡಿದ್ದ, ಕೇಳಿದ್ರಾ ಯಾರಾದ್ರೂ?” ಎಂದು ಡಿಪೋದಲ್ಲಿ ಜನ ಆಡಿಕೊಂಡರು. ‘ಸೀಟಣ್ಣ’ ಎಂದಿದ್ದವನೇ ಎಲ್ಲರಿಗಿಂತ ಜೋರಾಗಿ ಹೇಳಿದ. ಆ ಕಾಗದಗಳು ಅಷ್ಟು ದಿನವೂ ಅಲ್ಲೇ ಬಿದ್ದಿದ್ದವು, ಯಾರಾದರೂ ಒಂದು ಡ್ರಾಯರು ಎಳೆದಿದ್ದರೆ ಸಾಕಿತ್ತು.

ಮೂರನೇ ವಾರ ಅಧಿಕಾರಿ ಅವನನ್ನು ಬರಹೇಳಿದರು. ಆ ಬೆಳಿಗ್ಗೆ ಹೆಂಡತಿ ಕೇಳದೆಯೇ ಅವನ ಅಂಗಿಗೆ ಇಸ್ತ್ರಿ ಹಾಕಿದಳು, ಕುರ್ಚಿಯ ಮೇಲಿದ್ದ ಹಳೇ ಅಂಗಿಯ ಜೇಬಿನ ಸಾಮಾನನ್ನೆಲ್ಲ ಇದಕ್ಕೆ ಹಾಕಿಕೊಟ್ಟಳು. ಬಾಗಿಲವರೆಗೆ ಬಂದು ನಿಂತಳು.

“ನಿಮ್ಮ ತಪ್ಪಿಲ್ಲ ಅಂತ ಬರೆದು ಕೊಡ್ತಾರಾ?”

“ಕೊಡ್ತಾರೆ.”

“ಒಂದು ಕಾಪಿ ಕೇಳಿ ತನ್ರೀ. ಅವಳ ಫೋಟೋ ಹಿಂದೆ ಇಡೋಣ.” ಅವಳು ಅವನ ಅಂಗಿಯ ಕಾಲರು ಸರಿಮಾಡಿದಳು. “ನಾನು ನಂಬಬೇಕಿತ್ತು.”

ಅವನು ತಲೆಯಾಡಿಸಿ ಮೆಟ್ಟಿಲಿಳಿದ. ವರದಿ ಓದಿದ ದಿನದ ಮೇಲೆ ಅವಳು ಅವನ ಕಣ್ಣು ನೋಡಿ ಮಾತಾಡಿದ್ದು ಅದೇ ಮೊದಲು.

“ಬನ್ನಿ ಯಜಮಾನ್ರೇ, ಕೂತ್ಕೊಳ್ಳಿ,” ಎಂದರು ಅಧಿಕಾರಿ. “ನಿಮ್ಮ ಮಗಳ ವಿಷಯದಲ್ಲಿ ಅವತ್ತು ಬರೆದದ್ದು ತಪ್ಪು ಅಂತ ನಾನು ಬರೆದಾಗಿದೆ. ಸಹಿ ಒಂದು ಬಾಕಿ. ಅದಕ್ಕೆ ಮುಂಚೆ ಒಂದು ಸಣ್ಣ ವಿಷಯ ನನಗೆ ಅರ್ಥ ಆಗ್ಬೇಕು. ಇಲ್ಲಿ ನಿಮಗಿಂತ ತಿಳಿದವರಿಲ್ಲ ಅಂತಾರೆ. ಈ ನಟ್ಟುಗಳ ಮೇಲೆ ಬಣ್ಣದ ಗೆರೆ ಇದೆಯಲ್ಲ, ಅದೇನು?”

ಬಾಗಿಲಣ್ಣನ ಎದೆ ಉಬ್ಬಿತು. ಕಲಿಸಿಕೊಡಿ ಎಂದು ಅವನನ್ನು ಯಾರಾದರೂ ಕೇಳಿ ಎಷ್ಟೋ ಕಾಲವಾಗಿತ್ತು. “ಅದು ನಮ್ಮ ಪದ್ಧತಿ ಮೇಡಂ. ನಟ್ಟು ಬಿಗಿ ಮಾಡಿದ ಮೇಲೆ ಒರೆಸಿ, ನಟ್ಟಿನಿಂದ ಬೋಲ್ಟಿನ ತುದಿಗೆ ಬಣ್ಣದ ಪೆನ್ನಲ್ಲಿ ಒಂದೇ ಗೆರೆ ಎಳೀತೀವಿ. ಒಬ್ಬೊಬ್ಬ ಫಿಟ್ಟರಿಗೆ ಒಂದೊಂದು ಬಣ್ಣ. ಆಮೇಲೆ ನಟ್ಟು ತಾನಾಗೇ ತಿರುಗಿದ್ರೆ ಗೆರೆ ಮುರಿಯುತ್ತೆ, ಅರ್ಧ ಇಲ್ಲಿ, ಅರ್ಧ ಅಲ್ಲಿ. ಸ್ಪ್ಯಾನರ್ ಬೇಡ, ಕಣ್ಣಿಗೇ ಗೊತ್ತಾಗುತ್ತೆ.” ಅಧಿಕಾರಿ ತಟ್ಟೆಯಲ್ಲಿದ್ದ ಹನ್ನೆರಡು ಬೋಲ್ಟುಗಳನ್ನು ಅವನ ಮುಂದೆ ಸರಿಸಿದರು. ಎಲ್ಲದರ ಮೇಲೂ ನೀಲಿ ಗೆರೆ, ಎಲ್ಲವೂ ಮುರಿದಿದ್ದವು. “ನೋಡಿ, ನೀಲಿ ಈಗಿನವನದು. ಪಾಪ, ಬಿಗಿ ಮಾಡಿದ್ದಾನೆ. ತಾನಾಗೇ ತಿರುಗಿವೆ,” ಎಂದ ಬಾಗಿಲಣ್ಣ.

ಅಧಿಕಾರಿ ತಲೆಯಾಡಿಸಿ, ಡ್ರಾಯರಿನಿಂದ ಇನ್ನೊಂದು ಪೊಟ್ಟಣ ತೆಗೆದು ಬಿಚ್ಚಿ ಮೇಜಿನ ಮೇಲಿಟ್ಟರು. ಸಾಹೇಬರ ಬಾಗಿಲಿನ ಬ್ರಾಕೆಟ್ಟು; ಬೋಲ್ಟಿನ ತುದಿಯಲ್ಲಿ ಎರಡೇ ಸುತ್ತಿಗೆ ನಿಂತಿದ್ದ ನಟ್ಟು. ನೀಲಿ ಗೆರೆ ಸೀಮೆಎಣ್ಣೆಗೆ ಅಳಿಸಿಹೋಗಿತ್ತು. ಅದರ ಜಾಗದಲ್ಲಿ ನಟ್ಟಿನಿಂದ ಬೋಲ್ಟಿಗೆ, ಕೂದಲೆಳೆಯಷ್ಟೂ ಮುರಿಯದೆ, ಹೊಸ ಹಸಿರು ಗೆರೆಯೊಂದು ನೇರವಾಗಿ ಹಾದಿತ್ತು. ನಟ್ಟು ಸಡಿಲವಾದ ಮೇಲೆ ಎಳೆದದ್ದು. ಎಳೆದ ನೆನಪೇ ಅವನಿಗಿರಲಿಲ್ಲ. ಇಪ್ಪತ್ತೊಂಬತ್ತು ವರ್ಷ ಪ್ರತಿ ನಟ್ಟಿಗೂ ಮಾಡಿದ್ದನ್ನು ಕೈ ಅಂದೂ ಮಾಡಿ ಮುಗಿಸಿತ್ತು. “ಈ ಹಸಿರು ಯಾರದ್ದು, ಯಜಮಾನ್ರೇ?” ಎಂದು ಅಧಿಕಾರಿ ಮೆತ್ತಗೆ ಕೇಳಿದರು. ಅವರ ಕಣ್ಣು ಆಗಲೇ ಅವನ ಜೇಬಿನ ಮೇಲಿತ್ತು. ಇಸ್ತ್ರಿ ಮಾಡಿದ ಅಂಗಿಯ ಜೇಬಿನಲ್ಲಿ, ಹೆಂಡತಿ ತನ್ನ ಕೈಯಾರೆ ಸಿಕ್ಕಿಸಿ ಕಳಿಸಿದ್ದ ಹಸಿರು ಬಣ್ಣದ ಪೆನ್ನಿತ್ತು.